ಸೊನ್ನೆಯನ್ನೂ ಬರೆಯಬೇಕು

ಹೋದ ಜನವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಬಿಸಿಲೆ ಕಡೆ ರಾತ್ರಿ ಗೂಬೆ ಸರ್ವೆಗೆ ಹೋಗಿದ್ದೆವು. ಅರಣ್ಯ ಇಲಾಖೆಯ ಅನುಮತಿ ಇತ್ತು, ಜೊತೆಗೆ ಒಬ್ಬರು ವಾಚರ್ ಅಣ್ಣ. ಆನೆ ಓಡಾಡುವ ಜಾಗ, ಅವರು ಹೂಂ ಅನ್ನದೆ ಜೀಪಿನಿಂದ ಕಾಲು ಕೆಳಗಿಡುವ ಹಾಗಿಲ್ಲ.

ಗೂಬೆ ಸರ್ವೆ ಅಂದ್ರೆ ಟಾರ್ಚ್ ಹಿಡಿದು ಮರಮರ ಹುಡುಕುವುದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅಲ್ಲ, ಕೆಲಸವೆಲ್ಲ ಕಿವಿಯದ್ದು. ರಸ್ತೆಯುದ್ದಕ್ಕೂ ಕಿಲೋಮೀಟರಿಗೊಂದು ಪಾಯಿಂಟ್ ಗುರುತು ಮಾಡಿಕೊಂಡಿದ್ದೆವು. ಇನ್ನೂ ಹತ್ತಿರ ನಿಂತರೆ ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಿಬಿಡುವ ಭಯ. ಇಂಜಿನ್ ಆಫ್, ಲೈಟ್ ಆಫ್, ನಮ್ಮ ಗಲಾಟೆಯನ್ನು ಕಾಡು ಮರೆಯಲಿ ಅಂತ 2 ನಿಮಿಷ ಸುಮ್ನೆ ನಿಂತು, ಆಮೇಲೆ 5 ನಿಮಿಷ ಕೇಳಬೇಕು. ಯಾವ ಗೂಬೆ, ಯಾವ ದಿಕ್ಕು, ಎಷ್ಟು ದೂರ, ಎಷ್ಟು ಹೊತ್ತಿಗೆ. ಅಷ್ಟೇ ಬರೆಯುವುದು.

ಮೊದಲನೇ ಪಾಯಿಂಟಿನಲ್ಲೇ ಬ್ರೌನ್ ಹಾಕ್ ಔಲ್ ಸಿಕ್ಕಿತು. ‘ಊ-ವುಕ್, ಊ-ವುಕ್’ ಅಂತ ಒಂದೇ ಸಮ ಕೂಗಿ, ಗಪ್ಪಂತ ನಿಲ್ಲಿಸುತ್ತದೆ. ಮೂರನೇ ಪಾಯಿಂಟ್ ಹಳ್ಳದ ಪಕ್ಕ ಬಂದಿತ್ತು. ನೀರಿನ ಸದ್ದಿನಲ್ಲಿ ಬೇರೇನೂ ಕೇಳುವುದಿಲ್ಲ, ಹಾಗಾಗಿ ಮುಂದಕ್ಕೆ ಸರಿಸಿಕೊಂಡೆವು.

ನಾಲ್ಕನೆಯದರಲ್ಲಿ ಓರಿಯೆಂಟಲ್ ಸ್ಕಾಪ್ಸ್ ಔಲ್. ಟಕ್, ಟಕ್-ಟ್ರೋ. ಮೂರೇ ಪೆಟ್ಟು, ಗೊತ್ತಿಲ್ಲದವರು ಕಪ್ಪೆ ಅನ್ನುತ್ತಾರೆ. ವಾಚರ್ ಅಣ್ಣ ನನ್ನ ಮೊಣಕೈ ಮುಟ್ಟಿ, ‘ಮೇಡಂ, ಎಡಗಡೆ ಬಳ್ಳಿ ಮೇಲೆ’ ಅಂತ ಪಿಸುಗುಟ್ಟಿದರು. ಕೆಂಪು ಕಾಗದ ಸುತ್ತಿದ ಟಾರ್ಚನ್ನು ಒಂದೇ ಒಂದು ಸಲ ಹಾಕಿದೆವು. ಸುಮಾರು 19 ಸೆಂಟಿಮೀಟರಿನ ಹಕ್ಕಿ, ಕೈಯಳತೆಯಲ್ಲೇ ಕೂತಿದೆ! ಮೈಯೆಲ್ಲ ಮರದ ತೊಗಟೆಯ ಗೀಟು. ನಮ್ಮನ್ನು ನೋಡಿದ್ದೇ ಪುಕ್ಕ ಬಿಗಿದುಕೊಂಡು, ತಲೆ ಮೇಲಿನ ಎರಡು ಜುಟ್ಟು ನೆಟ್ಟಗೆ ಮಾಡಿ, ಕಣ್ಣನ್ನು ಬರೀ ಗೀರಿನಷ್ಟು ಸಣ್ಣ ಮಾಡಿಕೊಂಡಿತು. ಮುರಿದ ಕೊಂಬೆಯ ತುಂಡೇ ಸರಿ. ಅದು ಹೆದರಿದೆ ಅಂತ ಅರ್ಥ. ಟಾರ್ಚ್ ಆರಿಸಿದೆವು, ಫೋಟೋ ತೆಗೆಯಲಿಲ್ಲ.

ಆರನೇ ಪಾಯಿಂಟಿನಲ್ಲಿ ಏನೂ ಇಲ್ಲ. ಜೀರುಂಡೆ ಬಿಟ್ಟರೆ ಪೂರ್ತಿ ಮೌನ. ಹೊಸದಾಗಿ ಬಂದಿದ್ದ ಹುಡುಗ, ‘ಅಕ್ಕಾ, ಮೊಬೈಲಲ್ಲಿ ಕೂಗು ಹಾಕಿ ನೋಡೋಣ್ವಾ?’ ಅಂದ. ಬೇಡ ಅಂದೆ. ಕೂಗು ಕೇಳಿದರೆ ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿತು ಅಂದುಕೊಂಡು ಗೂಬೆ ಬೇಟೆಯನ್ನೂ ಗೂಡನ್ನೂ ಬಿಟ್ಟು ಓಡಿಬರುತ್ತದೆ. ಅದೂ ಇದು ಹಲವು ಗೂಬೆಗಳು ಮೊಟ್ಟೆ ಇಡುವ ಕಾಲ. ಮತ್ತೆ ಉಳಿದ ಪಾಯಿಂಟಿನಲ್ಲಿ ಬರೀ ಕೇಳಿ, ಇಲ್ಲಿ ಮಾತ್ರ ಕರೆದರೆ ಲೆಕ್ಕಕ್ಕೆ ಏನು ಬೆಲೆ? ಅವನ ಕೈಯಲ್ಲೇ ಸೊನ್ನೆ ಬರೆಸಿದೆ. ಆ ಸೊನ್ನೆ ಹಾಳೆಯಲ್ಲಿ ಇಲ್ಲದಿದ್ದರೆ, ಐದು ವರ್ಷ ಬಿಟ್ಟು ನೋಡುವವರಿಗೆ ಅಲ್ಲಿ ಗೂಬೆ ಇರಲಿಲ್ಲವೋ, ನಾವೇ ಹೋಗಿರಲಿಲ್ಲವೋ ಹೇಗೆ ಗೊತ್ತಾಗಬೇಕು?

ಏಳನೆಯದರಲ್ಲಿ ಎರಡು ಕಾರು ಹಾಡು ಹಾಕಿಕೊಂಡು ಬಂದವು. ಆ 5 ನಿಮಿಷ ದಂಡ, ಮತ್ತೆ ಮೊದಲಿಂದ. ಅದಕ್ಕಿಂತ ಸಂಕಟ ಆದದ್ದು ಮುಂದಿನ ತಿರುವಿನಲ್ಲಿ. ನತ್ತಿಂಗ ಹಕ್ಕಿ, ಅಂದ್ರೆ ನೈಟ್‌ಜಾರ್, ರಾತ್ರಿ ರಸ್ತೆ ಮೇಲೇ ಕೂರುತ್ತದೆ, ಹೆಡ್‌ಲೈಟಿಗೆ ಅದರ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ, ನಿಧಾನ ಹೋದರೆ ಎದ್ದು ಹಾರುತ್ತದೆ. ಇದಕ್ಕೆ ಆ ಅವಕಾಶ ಸಿಕ್ಕಿರಲಿಲ್ಲ. ಕೈಗೆತ್ತಿಕೊಂಡಾಗ ಎದೆ ಇನ್ನೂ ಬೆಚ್ಚಗಿತ್ತು. ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸುವವರು ದಯವಿಟ್ಟು ನಿಧಾನ ಹೋಗಿ.

ನಮ್ಮಲ್ಲಿ ಯಾರದೋ ತಪ್ಪನ್ನು ಇನ್ಯಾರ ಮೇಲೋ ಹೊರಿಸಿದರೆ ‘ಗೂಬೆ ಕೂರಿಸುವುದು’ ಅನ್ನುತ್ತೇವೆ, ಮನೆ ಮೇಲೆ ಗೂಬೆ ಕೂತರೆ ಕೇಡು ಅನ್ನುತ್ತೇವೆ. ಆದರೆ ಅದೇ ಜಾತಿಯ ಹಾಲಕ್ಕಿ ನುಡಿಯಿತು ಅಂತ ಬುಡುಬುಡಿಕೆಯವರು ಹೇಳಿದರೆ ಮೊರದಲ್ಲಿ ಅಕ್ಕಿ ತರುತ್ತೇವೆ. ಗದ್ದೆಯ ಇಲಿ ಹಿಡಿಯುವ ಹಕ್ಕಿಗೆ ಇಷ್ಟು ಅನ್ಯಾಯ ಬೇಡ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಕೊನೆಯ ಪಾಯಿಂಟ್ ಮುಟ್ಟಿದಾಗ 1 ಗಂಟೆ ದಾಟಿತ್ತು. ಚಳಿಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ನಾಲ್ಕನೇ ನಿಮಿಷದಲ್ಲಿ ಕಣಿವೆ ಕಡೆಯಿಂದ ಬ್ರೌನ್ ವುಡ್ ಔಲ್, ಎದೆಯೊಳಗಿಂದ ಬಂದ ಹಾಗೆ, ಹೂ... ಹುಹುಹೂ. ಸ್ವಲ್ಪ ತಡೆದು ಮೇಲಿನ ಗುಡ್ಡದಿಂದ ಇನ್ನೊಂದು ಉತ್ತರ ಕೊಟ್ಟಿತು. ಹುಡುಗ ಉಸಿರು ಬಿಗಿಹಿಡಿದು ಎರಡು ಬಾಣದ ಗುರುತು ಹಾಕಿದ, ಒಂದು ಪಶ್ಚಿಮಕ್ಕೆ, ಒಂದು ಉತ್ತರಕ್ಕೆ.