ಮೈಮೇಲೆ ಬಂದದ್ದು ದೇವರಲ್ಲ, ಬಿಸಿಲು

ಹೋದ ವರ್ಷ ದವನದ ಹುಣ್ಣಿಮೆಗೆ ನಮ್ಮೂರ ಹನುಮಪ್ಪನ ತೇರು. ರಾಯಚೂರು ಕಡೆಯ ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ತೇರು ಎಳೆಯುವುದೇನೋ ಸಂಜೆ, ಹೊತ್ತು ಇಳಿದ ಮೇಲೆ. ಆದರೆ ಕಾಯಿ ಒಡೆಸುವ ಸಾಲು ಬೆಳಿಗ್ಗೆ ಎಂಟಕ್ಕೇ ಶುರು. ಚಿಕ್ಕಪ್ಪ ಆ ಸಾಲಿನಲ್ಲಿ ನಿಂತಿದ್ದರು. ಕಾಯಿ ಒಡೆಸುವ ತನಕ ಬಾಯಿಗೆ ನೀರೂ ಹಾಕುವುದಿಲ್ಲ ಅನ್ನುವ ಹಟ ಬೇರೆ. ಬಿಪಿ ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ, ಬರೀ ಹೊಟ್ಟೆಗೇ ನುಂಗಿ ಬಂದಿದ್ದರು.

ಮಧ್ಯಾಹ್ನ ಒಂದು ಗಂಟೆ ಇರಬಹುದು. ನನ್ನ ಕೈ ಬಿಡಿಸಿಕೊಂಡು, 'ತಡಿ, ಎತ್ತು ಬಿಚ್ಚಿ ನೀರು ಕುಡಿಸಿ ಬರ್ತೀನಿ' ಅಂದರು. ನಮ್ಮ ಮನೆಯಲ್ಲಿ ಎತ್ತು ಮಾರಿ ಹತ್ತು ವರ್ಷವಾಗಿದೆ. ನಾನು ನಕ್ಕೆ. ನಿಜ ಹೇಳುತ್ತೇನೆ, ನಕ್ಕೆ. ಅವರು ಎರಡು ಹೆಜ್ಜೆ ಇಟ್ಟು ತೂರಾಡಿದರು, ಕಣ್ಣು ಎಲ್ಲೋ, ತುಟಿ ನಡುಗುತ್ತಿದೆ, ಏನೋ ಗೊಣಗುತ್ತಿದ್ದಾರೆ. ಹಿಂದೆ ನಿಂತಿದ್ದ ಅಜ್ಜಿ ಕೈ ಮುಗಿದೇಬಿಟ್ಟಳು. 'ಮೈಮೇಲೆ ಬಂದಾನ, ಮುಟ್ಟಬ್ಯಾಡ್ರಿ' ಅಂತ ಯಾರೋ ಕೂಗಿದರು. ಸುತ್ತ ಜಾಗ ಬಿಟ್ಟು ಎಲ್ಲರೂ ಹಿಂದೆ ಸರಿದರು. ನಾನೂ ಒಂದು ಕ್ಷಣ ನಂಬಿದೆ.

ನಂಬದೇ ಇದ್ದದ್ದು ಅಲ್ಲಿದ್ದ ಒಬ್ಬ ಆಶಾ ಕಾರ್ಯಕರ್ತೆ. ಸೀದಾ ಬಂದು ಕುತ್ತಿಗೆ ಮುಟ್ಟಿ ನೋಡಿ, 'ದೇವ್ರು ಬಂದ್ರ ಮೈ ಹಿಂಗ ಸುಡ್ತದೇನು?' ಅಂದರು. ಅರವಟ್ಟಿಗೆಯ ಮಣ್ಣಿನ ಗಡಿಗೆ ಎತ್ತಿ ತಲೆಯಿಂದ ಕಾಲಿನವರೆಗೆ ಸುರಿದರು. ನೆರಳಿಗೆ ಎಳೆದು, ಅಂಗಿ ಬಿಚ್ಚಿಸಿ, ಒದ್ದೆ ಪಂಚೆ ಹೊದಿಸಿ, ಇಬ್ಬರು ಹುಡುಗರ ಕೈಗೆ ರಟ್ಟು ಕೊಟ್ಟು 'ಬೀಸ್ರಿ, ನಿಲ್ಲಿಸಬ್ಯಾಡ್ರಿ' ಅಂದರು. ಕಬ್ಬಿನ ಹಾಲಿನ ಅಂಗಡಿಯಿಂದ ಐಸು ತಂದು ಟವೆಲ್ಲಿನಲ್ಲಿ ಸುತ್ತಿ ಕಂಕುಳಿಗೆ, ತೊಡೆಸಂದಿಗೆ, ಕುತ್ತಿಗೆಗೆ ಇಟ್ಟೆವು. ನಾನು ಬಾಯಿಗೆ ನೀರು ಹಾಕಲು ಹೋದರೆ ಕೈ ತಳ್ಳಿದರು. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದಂತೆ, ಅದು ಆಮೇಲೆ ಗೊತ್ತಾಯಿತು. ಬಳೆ ಅಂಗಡಿ, ಮಿಠಾಯಿ ಅಂಗಡಿ ದಾರಿಯನ್ನೆಲ್ಲ ನುಂಗಿದ್ದರಿಂದ ಆಂಬುಲೆನ್ಸ್ ಒಳಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದರೆ ಚಿಕ್ಕಪ್ಪ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು.

ಅಲ್ಲಿಂದ ಈ ವಿಷಯ ತಲೆಗೆ ಹತ್ತಿಕೊಂಡಿದೆ. ಬಿಸಿಲಿಗೆ ತಲೆ ಸುತ್ತಿತು, ವಾಂತಿ ಬಂತು, ಮೀನಖಂಡ ಹಿಡಿಯಿತು ಅಂದರೆ ನೆರಳು, ನೀರು, ಉಪ್ಪಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಮಾತು ತಪ್ಪಿತು, ಜಗಳಕ್ಕೆ ನಿಂತರು, ಇರುವ ಜಾಗವೇ ಮರೆತರು ಅಂದರೆ ಅದು ಬೇರೆ. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳಿಗೆ ಏರಿದೆ ಅಂತ. ಬೆವರು ನಿಂತಿರಲೇಬೇಕು ಅಂತೇನಿಲ್ಲ, ಚಿಕ್ಕಪ್ಪನ ಬೆನ್ನು ಒದ್ದೆಯಾಗಿಯೇ ಇತ್ತು. ಜಾತ್ರೆಯಲ್ಲಿ ಇಂಥವರನ್ನು ನೋಡಿದರೆ ಒಂದೋ ದೇವರು ಬಂತು ಅನ್ನುತ್ತೇವೆ, ಇಲ್ಲಾ ಕುಡಿದಿದ್ದಾನೆ ಅನ್ನುತ್ತೇವೆ. ಕುತ್ತಿಗೆ ಮುಟ್ಟಿ ನೋಡುವವರು ಕಡಿಮೆ. 108ಕ್ಕೆ ಒಬ್ಬರು ಫೋನ್ ಮಾಡುತ್ತಿರಲಿ, ಉಳಿದವರು ನೀರು ಸುರಿಯುತ್ತಿರಲಿ. ಪ್ಯಾರಾಸಿಟಮಾಲ್ ಕೊಟ್ಟು ಉಪಯೋಗವಿಲ್ಲ. ಇದು ಜ್ವರ ಅಲ್ಲ, ಹೊರಗಿನ ಕಾವು.

ಮಾತ್ರೆ ವಿಷಯವೂ ಅಷ್ಟೇ. ಬಿಪಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರು, ಉಪ್ಪು ಹೊರಗೆ ಹಾಕುತ್ತವೆ. ಅಂಥದ್ದನ್ನು ನುಂಗಿ, ಮೇಲೆ ನಿರ್ಜಲ ಉಪವಾಸ ಮಾಡಿ, ಐದು ಗಂಟೆ ಬಿಸಿಲಲ್ಲಿ ನಿಂತರೆ ಇನ್ನೇನಾಗುತ್ತದೆ? ಹಾಗಂತ ಮಾತ್ರೆ ನೀವೇ ಬಿಡಬೇಡಿ, ಡಾಕ್ಟರನ್ನು ಮೊದಲೇ ಕೇಳಿ.

ಇದು ಹಳ್ಳಿ ಜಾತ್ರೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಬಯಲಲ್ಲಿ ನಡೆದ ಪ್ರಶಸ್ತಿ ಸಮಾರಂಭದಲ್ಲಿ ಕೂತಿದ್ದ ಜನರಲ್ಲಿ 14 ಮಂದಿ ಬಿಸಿಲಿನ ಹೊಡೆತಕ್ಕೆ ಸತ್ತರು. ಅವತ್ತು ಅಲ್ಲಿ ನಮ್ಮ ರಾಯಚೂರಿನಷ್ಟು ಬಿಸಿಲೂ ಇರಲಿಲ್ಲ. ಕಡಲ ಬದಿಯಲ್ಲಿ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ. ಮಂಗಳೂರಿನ 34 ಡಿಗ್ರಿ ಯಾಕೆ ಹಿಂಡುತ್ತದೆ ಅಂತ ನನಗೆ ಆಗ ಅರ್ಥವಾಯಿತು.

ಕಾಲಿನ ಕಥೆ ಇನ್ನೊಂದು. ದೀಡ ನಮಸ್ಕಾರ ಹಾಕುವವರಿಗೆ ಮುಂದೆ ಮುಂದೆ ಕೊಡದಲ್ಲಿ ನೀರು ಸುರಿಯುತ್ತಾ ಹೋಗುತ್ತಾರಲ್ಲ, ಅದು ಬರೀ ಮಡಿಗಲ್ಲ. ಗಾಳಿ 40 ಡಿಗ್ರಿ ಇದ್ದಾಗ ಡಾಂಬರು 60 ದಾಟಿರುತ್ತದೆ. ನಮ್ಮ ಹಿರಿಯರು ಥರ್ಮಾಮೀಟರ್ ಇಲ್ಲದೇ ತಿಳಿದುಕೊಂಡಿದ್ದು. ಶುಗರ್ ಇದ್ದವರಿಗೆ ಪಾದ ಜೋಮು ಹಿಡಿದಿರುತ್ತದೆ, ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ, ರಾತ್ರಿ ಕಾಲು ತೊಳೆಯುವಾಗಲೇ ಕಾಣುವುದು. ಅವರು ಬರಿಗಾಲಲ್ಲಿ ನಡೆಯುವುದನ್ನು ದೇವರೂ ಕೇಳಿರಲಾರ.

ಕುಡಿಯುವುದಕ್ಕೆ ನಮ್ಮ ಪಾನಕ, ಉಪ್ಪು ಹಾಕಿದ ಮಜ್ಜಿಗೆ ಸಾಕು, ಆದರೆ ಯಾವ ನೀರಿನಲ್ಲಿ ಮಾಡಿದ್ದು ಅಂತ ಕೇಳಿ, ನಾಚಿಕೆ ಬೇಡ. ಅಂಗಡಿಯ ಓಆರ್‌ಎಸ್ ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಪಾಟಾಗಿ. ಉಪ್ಪು ಜಾಸ್ತಿ ಮಾಡಬೇಡಿ. ಚಿಕ್ಕಪ್ಪನ ಕಂಕುಳಿಗಿಟ್ಟ ಆ ಐಸು ಗೋಣಿಚೀಲದಲ್ಲಿ ಸುತ್ತಿ ನೆಲದ ಮೇಲೆ ಬಿದ್ದಿತ್ತು, ಅದನ್ನೇ ಒಡೆದು ಲೋಟಕ್ಕೂ ಹಾಕುತ್ತಿದ್ದರು. ಕಂಕುಳಿಗೆ ಪರವಾಗಿಲ್ಲ. ಮಕ್ಕಳ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿಯಂತೂ, 2024ರ ಮಾರ್ಚ್‌ನಲ್ಲೇ ಕರ್ನಾಟಕ ಸರ್ಕಾರ ಅದಕ್ಕೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧಿಸಿದೆ. ನಮ್ಮೂರ ಜಾತ್ರೆಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಸಂಜೆಯಾಯಿತು, ಬಿಸಿಲು ಇಳಿಯಿತು ಅಂತ ಮೈಮರೆಯುವ ಹಾಗೂ ಇಲ್ಲ. ಇಂಥ ದಿನಗಳಲ್ಲೇ ಒಮ್ಮೆಲೇ ಗಾಳಿ ಎದ್ದು ಗುಡುಗು ಶುರುವಾಗುವುದು. 2025ರ ಮಾರ್ಚ್‌ನಲ್ಲಿ ಆನೇಕಲ್ ತಾಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಯಲ್ಲಿ ನೂರಡಿ ಮೀರಿದ ತೇರು ಗಾಳಿ ಮಳೆಗೆ ಉರುಳಿ ಜೀವ ಹೋಯಿತು. ಗಾಳಿ ಎದ್ದರೆ ತೇರಿನ ಎತ್ತರದಷ್ಟಾದರೂ ದೂರ ನಿಲ್ಲಿ, ಗುಡುಗಿದರೆ ಮರದಡಿ ಬೇಡ.

ಈ ವರ್ಷ ಚಿಕ್ಕಪ್ಪ ಸಂಜೆ ತೇರು ಎಳೆಯುವ ಹೊತ್ತಿಗೆ ಮಾತ್ರ ಬರುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಅವರು ಒಪ್ಪಿದ್ದಾರೆ, ಅರ್ಧ ಮನಸ್ಸಿನಿಂದ. 'ಕಾಯಿ ಯಾರು ಒಡೆಸ್ತಾರ?' ಅಂತ ದಿನಾ ಕೇಳುತ್ತಾರೆ. ನಾನು ಒಡೆಸುತ್ತೇನೆ ಅಂದೆ, ಎರಡು ಲೋಟ ಮಜ್ಜಿಗೆ ಕುಡಿದುಕೊಂಡು. ಅದಕ್ಕೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ.