ಆಳ 13 ಬರಲೇ ಇಲ್ಲ

ಚೆಸ್ ಎಂಜಿನ್‌ಗೆ, ಅಂದರೆ ಚೆಸ್ ಆಡುವ ಪ್ರೋಗ್ರಾಂಗೆ, ಕೋಡ್ ಬರೆಯುವುದು ನನ್ನ ಕೆಲಸ. ಮೊದಲ ವರ್ಷ ನಾನು ಮಾಡಿದ ಒಂದು ತಪ್ಪಿನ ಕಥೆ ಇದು.

ಎಂಜಿನ್ ಒಂದು ಆಳದವರೆಗೆ ನಡೆಗಳನ್ನು ನೋಡುತ್ತದೆ. ಒಂದೊಂದು ನಡೆಗೂ ಆಳ ಒಂದು ಕಮ್ಮಿ. ಸೊನ್ನೆಗೆ ಬಂದಾಗ ಹೊಡೆತಗಳನ್ನಷ್ಟೇ ನೋಡಿ ಅಂಕ ಹಾಕುತ್ತದೆ. ತೊಂದರೆ ಇರುವುದು ಇಲ್ಲೇ. ನಮ್ಮ ಆನೆ ಸಿಕ್ಕಿಬಿದ್ದಿದೆ ಅಂದುಕೊಳ್ಳಿ. ನಡುವೆ ಸುಮ್ನೆ ಎರಡು ಚೆಕ್ ಕೊಟ್ಟರೆ ಆನೆ ಹೋಗುವ ನಡೆ ಆ ಆಳದ ಆಚೆಗೆ ಸರಿಯುತ್ತದೆ. ಆನೆ ಉಳಿಯಿತು ಅಂತ ಎಂಜಿನ್ ನಂಬುತ್ತದೆ. 1973ರಲ್ಲಿ ಕಂಪ್ಯೂಟರ್ ಚೆಸ್ ಸಂಶೋಧಕ ಹ್ಯಾನ್ಸ್ ಬರ್ಲಿನರ್ ಇದನ್ನು ಹೊರೈಜನ್ ಎಫೆಕ್ಟ್ ಎಂದು ಕರೆದರು. ಇದಕ್ಕೆ ಹಳೆಯ ಮದ್ದು ಚೆಕ್ ಎಕ್ಸ್‌ಟೆನ್ಶನ್. ಚೆಕ್ ಕೊಟ್ಟ ನಡೆಗೆ ಆಳ ಕಳೆಯುವುದಿಲ್ಲ, ಅಷ್ಟೇ.

ಅದು ನಮ್ಮಲ್ಲಿ ಆಗಲೇ ಇತ್ತು. ನಾನು ಇನ್ನೊಂದು ಸೇರಿಸಿದೆ: ಉತ್ತರವಾಗಿ ಒಂದೇ ನಡೆ ಇದ್ದರೆ ಅದಕ್ಕೂ ಆಳ ಕಳೆಯಬಾರದು. ಬಲವಂತದ ನಡೆ ತಾನೇ? ಚೆಸ್ ಒಗಟುಗಳ ಮೇಲೆ ಓಡಿಸಿದೆ. ಮೊದಲಿಗಿಂತ ಜಾಸ್ತಿ ಬಿಡಿಸಿತು. ಖುಷಿಯಿಂದ ಮನೆಗೆ ಹೋದೆ.

ರಾತ್ರಿಯಿಡೀ ಹಳೆಯ ಎಂಜಿನ್ ಜೊತೆ ಆಡಿಸಿದ್ದೆವು. ಬೆಳಿಗ್ಗೆ ನೋಡಿದರೆ ಸಾಲು ಸಾಲು ಸೋಲು. ಒಂದು ಆಟದ ಲಾಗ್ ತೆರೆದೆ. ಇಬ್ಬರ ಬಳಿಯೂ ರಾಣಿ, ರಾಜರು ಬಯಲಲ್ಲಿ. ಎಂಜಿನ್ ಆಳ 1, 2, 3 ಎಂದು ಒಂದೊಂದೇ ಹೆಚ್ಚಿಸುತ್ತ ಹುಡುಕುತ್ತದೆ. ಆಳ 12 ಒಂದು ಸೆಕೆಂಡಿನೊಳಗೆ ಮುಗಿದಿತ್ತು. 13 ಮುಗಿಯಲೇ ಇಲ್ಲ. ಸಮಯ ತೀರಿ, 12ರಲ್ಲಿ ಸಿಕ್ಕ ನಡೆಯನ್ನೇ ಆಡಿ ಸೋತಿತ್ತು.

ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಹಾಳೆ ಮುಂದಿಟ್ಟು, "ಇದ್ರಲ್ಲಿ ಆಳ ಎಲ್ಲಿ ಕಮ್ಮಿ ಆಗ್ತಿದೆ, ಬರೆದು ತೋರ್ಸಪ್ಪ" ಅಂದರು. ಬರೆದೆ. ರಾಣಿಯ ಚೆಕ್, ಆಳ 5. ರಾಜನಿಗೆ ಮೂಲೆಯೊಂದೇ ದಾರಿ, ಆಳ 5. ಮತ್ತೆ ಚೆಕ್, 5. ಮತ್ತೆ ಒಂದೇ ದಾರಿ, 5. ಪೆನ್ನು ಅಲ್ಲೇ ನಿಂತಿತು. ಬೇರೆ ಬೇರೆಯಾಗಿ ಎರಡೂ ಸರಿ. ಸೇರಿದಾಗ ಆಳ ಇಳಿಯುವುದೇ ಇಲ್ಲ. ಅದೇ ಸ್ಥಿತಿ ಮರಳಿ ಬಂದರೆ ಡ್ರಾ ಎಂದು ಆ ದಾರಿ ನಿಲ್ಲುತ್ತದೆ, ನಿಜ. ಆದರೆ ಬಯಲಲ್ಲಿ ರಾಣಿಗೆ ಚೆಕ್ ಕೊಡಲು ಎಷ್ಟೊಂದು ಮನೆ, ಅಲ್ವಾ?

ನನ್ನ ಕೋಡ್ ತೆಗೆದೆ. ಯಾವ ದಾರಿಯೂ ಮೂಲ ಆಳದ ಎರಡು ಪಟ್ಟು ಮೀರದಂತೆ ಮಿತಿ ಹಾಕಿದೆ.

ಆಮೇಲೆ ಸಿಂಗ್ಯುಲರ್ ಎಕ್ಸ್‌ಟೆನ್ಶನ್ ಓದಿದೆ. ಅನಂತರಾಮನ್, ಕ್ಯಾಂಪ್‌ಬೆಲ್, ಶು ಅವರು 1980ರ ದಶಕದ ಕೊನೆಗೆ ಡೀಪ್ ಥಾಟ್ ಎಂಬ ಚೆಸ್ ಕಂಪ್ಯೂಟರ್‌ಗಾಗಿ ಮಾಡಿದ್ದು. ಸ್ಟಾಕ್‌ಫಿಶ್ ಎಂಬ ಎಂಜಿನ್‌ನಲ್ಲಿ ಅದರದೇ ಒಂದು ರೂಪವಿದೆ: ಒಳ್ಳೆಯದೆನಿಸಿದ ನಡೆಯನ್ನು ಪಕ್ಕಕ್ಕಿಟ್ಟು, ಉಳಿದವನ್ನು ಕಡಿಮೆ ಆಳದಲ್ಲಿ ನೋಡುತ್ತಾರೆ. ಅವೆಲ್ಲ ತೀರಾ ಹಿಂದೆ ಬಿದ್ದರೆ ಮಾತ್ರ ಆ ನಡೆಗೆ ಹೆಚ್ಚು ಆಳ. ನನಗೆ ಇದು ತುಂಬಾ ಇಷ್ಟ. ಚೆಕ್ ಅಂದ ತಕ್ಷಣ ಆಳ ಕೊಟ್ಟುಬಿಡುವುದಿಲ್ಲ, ನಡೆ ಅದನ್ನು ಗಳಿಸಬೇಕು.

ಆ ರಾಣಿಗಳ ಸ್ಥಿತಿ ಈಗಲೂ ನಮ್ಮ ಪರೀಕ್ಷೆಯ ಪಟ್ಟಿಯಲ್ಲಿದೆ. ಎಕ್ಸ್‌ಟೆನ್ಶನ್ ಕೋಡ್ ಯಾರೇ ಮುಟ್ಟಲಿ, ನಾನು ಮೊದಲು 13 ಬಂತಾ ಅಂತ ನೋಡುತ್ತೇನೆ.