ಇಂಡಿಯಾನಾ ಜೋನ್ಸ್ ಒಳ್ಳೆಯ ಪುರಾತತ್ವಜ್ಞನೇ?

ಪುರಾತತ್ವದ ಮಾತು ಬಂದರೆ ಸಾಕು, ಯಾರಾದರೊಬ್ಬರು ಈ ಪ್ರಶ್ನೆ ಎತ್ತಿಯೇ ಎತ್ತುತ್ತಾರೆ. ಟೋಪಿ, ಚಾಟಿ, ಹಾವಿನ ಭಯ ಎಲ್ಲ ಇರುವ ಆ ಸಿನಿಮಾ ಪ್ರೊಫೆಸರ್ ಕೆಲಸ ಬಲ್ಲವನೋ, ಬರೀ ಕಳ್ಳನೋ? ನನ್ನ ಉತ್ತರ ಇಷ್ಟು: ಗುದ್ದಲಿ ನೆಲ ಮುಟ್ಟುವ ತನಕ ಅವನು ಬಹಳ ಒಳ್ಳೆಯ ಪುರಾತತ್ವಜ್ಞ. ಮುಟ್ಟಿದ ಮೇಲೆ ಅವನನ್ನು ಗುಂಡಿಯಿಂದ ದೂರ ಕೂರಿಸಬೇಕು.

ಮೊದಲು ಗುಣ. 1981ರ ಮೊದಲ ಚಿತ್ರದಲ್ಲಿ ಒಂದು ಪದಕ ಬರುತ್ತದೆ. ಅದನ್ನು ಕೋಲಿನ ತುದಿಗೆ ಸಿಕ್ಕಿಸಿ ನಿಲ್ಲಿಸಿದರೆ, ಸೂರ್ಯನ ಬೆಳಕು ಅದರ ಮೂಲಕ ಹಾದು, ಹೂತುಹೋದ ಕೋಣೆ ಎಲ್ಲಿದೆಯೆಂದು ತೋರಿಸುತ್ತದೆ. ಅದೇ ಕೋಣೆಯನ್ನು ಹುಡುಕುತ್ತಿರುವ ನಾತ್ಸಿಗಳ ಹತ್ತಿರ ಇರುವುದು ಪದಕದ ಒಂದು ಮುಖದ ನಕಲು ಮಾತ್ರ. ಅದರಲ್ಲಿ ಕೋಲಿನ ಎತ್ತರ ಆರು ಕದಮ್ (ಹಳೆಯ ಕಾಲದ ಒಂದು ಅಳತೆ) ಎಂದಿದೆ. ಜೋನ್ಸ್ ಮೂಲ ಪದಕವನ್ನೇ ಆ ಲಿಪಿ ಬಲ್ಲ ಮುದುಕರೊಬ್ಬರ ಹತ್ತಿರ ಒಯ್ದು ಎರಡೂ ಮುಖ ಓದಿಸುತ್ತಾನೆ. ಹಿಂದೆ ‘ಒಂದು ಕದಮ್ ಕಳೆ’ ಎಂದಿದೆ. ಎದುರಾಳಿಗಳ ಕೋಲು ಉದ್ದವಾಯಿತು, ಅವರು ತಪ್ಪು ಜಾಗ ಅಗೆಯುತ್ತಿದ್ದಾರೆ. ಶಾಸನದ ಕೆಲಸ ಗೊತ್ತಿರುವವರಿಗೆ ಈ ದೃಶ್ಯ ಚಾಟಿಯೇಟಿಗಿಂತ ರುಚಿ: ಕಲ್ಲಿನ ಹಿಂಬದಿ ನೋಡದೆ ಪಾಠ ಮುಗಿಸಬೇಡ, ನಿನಗೆ ಬಾರದ ಲಿಪಿಯನ್ನು ಊಹಿಸಬೇಡ, ಬಲ್ಲವರನ್ನು ಕೇಳು. 1989ರ ಚಿತ್ರದಲ್ಲಿ ವಿದ್ಯಾರ್ಥಿಗಳಿಗೆ ಅವನೇ ಹೇಳುತ್ತಾನೆ, ಪುರಾತತ್ವದ ನೂರಕ್ಕೆ ಎಪ್ಪತ್ತು ಭಾಗ ನಡೆಯುವುದು ಗ್ರಂಥಾಲಯದಲ್ಲಿ ಎಂದು. ಲೆಕ್ಕ ಹಾಗಿರಲಿ, ಮಾತು ಸರಿ.

ಇನ್ನು ದೋಷ. ಮೊದಲ ಚಿತ್ರದ ಆರಂಭದಲ್ಲಿ ಬರುವ ಪೆರುವಿನ ಗುಡಿಯ ಚಿನ್ನದ ಮೂರ್ತಿಯನ್ನೇ ನೋಡಿ. ಪೀಠದ ಮೇಲೆ ತೂಕ ಬದಲಾದರೆ ಗುಡಿ ಕುಸಿಯುತ್ತದೆ ಎಂದು ಅವನಿಗೆ ಗೊತ್ತು. ಅದಕ್ಕೇ ಮೂರ್ತಿ ಎತ್ತಿ ಮರಳಿನ ಚೀಲ ಇಡುತ್ತಾನೆ. ಒಂದು ಲೀಟರ್ ಗಾತ್ರದ ಚಿನ್ನ 19.3 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಒಣ ಮರಳು ಸುಮಾರು 1.6 ಕಿಲೋ. ಮೂರ್ತಿ ಗಟ್ಟಿ ಚಿನ್ನದ್ದಾದರೆ ಚೀಲ ಅದರ ಹನ್ನೆರಡು ಪಟ್ಟು ದೊಡ್ಡದಿರಬೇಕು. ನಮ್ಮ ಪ್ರೊಫೆಸರ್ ಇದ್ದ ಮರಳಲ್ಲೇ ಒಂದು ಹಿಡಿ ತೆಗೆದು ಚೆಲ್ಲುತ್ತಾನೆ! ಆದರೆ ಪೀಠ ಮೇಲೇಳದೆ ಕೆಳಗಿಳಿಯುತ್ತದೆ. ಅಂದರೆ ಚೀಲವೇ ಭಾರವಾಯಿತು, ಮೂರ್ತಿ ಒಳಗೆ ಟೊಳ್ಳು. ಎರಕದ ಟೊಳ್ಳು ಮೂರ್ತಿಯೆಂದರೆ ಅದನ್ನು ಮಾಡಿದವರ ಕಸುಬಿನ ಬಗ್ಗೆ ದೊಡ್ಡ ಸುಳಿವು. ಅವನು ತಿರುಗಿಸಿಯೂ ನೋಡುವುದಿಲ್ಲ, ಓಡುತ್ತಾನೆ.

ಓಡುವಾಗ ಬಿಟ್ಟುಹೋದದ್ದೇ ನಿಜವಾದ ನಷ್ಟ. ಪೀಠದ ಸುತ್ತ ದೀಪದ ಮಸಿ ಇತ್ತೇ, ನೈವೇದ್ಯದ ಮಡಕೆ ಚೂರು ಇತ್ತೇ, ನೆಲಕ್ಕೆ ಎಷ್ಟು ಸಲ ಗಾರೆ ಬಳಿದಿದ್ದರು? ಮೂರ್ತಿಯ ಕಾಲ ಹೇಳುವುದು ಇವೇ ಹೊರತು ಮೂರ್ತಿಯಲ್ಲ. ಚಿನ್ನದ ಕಾಲವನ್ನು ಇಂಗಾಲದ ಪರೀಕ್ಷೆಯಿಂದ ಹೇಳಲಾಗದು. ಪಕ್ಕದ ಇದ್ದಿಲಿನ ತುಂಡಿನಿಂದ ಹೇಳಬಹುದು. ಅದಕ್ಕಾಗಿ ಗೂಟ ನೆಟ್ಟು ಹಗ್ಗ ಕಟ್ಟಿ ಚೌಕ ಮಾಡುತ್ತಾರೆ, ಚೌಕಗಳ ನಡುವೆ ಅಗೆಯದ ಗೋಡೆ ಬಿಡುತ್ತಾರೆ. ಪದರಗಳು ಆ ಗೋಡೆಯ ಮೈಯಲ್ಲಿ ಓದಲು ಸಿಗುತ್ತವೆ. ಮಣ್ಣಿನ ಬಣ್ಣ ಬದಲಾದಲ್ಲಿ ಕೈ ನಿಲ್ಲಬೇಕು. ವಸ್ತು ಅಲುಗುವ ಮೊದಲೇ ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ ಇಟ್ಟು ಫೋಟೊ, ಆಮೇಲೆ ನಕ್ಷೆ, ಚೀಟಿ, ಚೀಲ. ಅಗೆದ ಮಣ್ಣು ಜರಡಿಗೆ. ಒಂದು ಪದರ ಒಂದೇ ಸಲ ಅಗೆಯಲು ಸಿಗುವುದು. ಬರೆದಿಡದಿದ್ದರೆ ಓದುತ್ತಲೇ ಪುಟ ಸುಟ್ಟಂತೆ.

‘ಆ ಕಾಲದಲ್ಲಿ ಇದೆಲ್ಲ ಎಲ್ಲಿತ್ತು’ ಎನ್ನುವವರಿಗೆ: ಮೊದಲ ಚಿತ್ರದ ಕಥೆ ನಡೆಯುವುದು 1936ರಲ್ಲಿ. ಅದೇ ವರ್ಷ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಂಗ್ಲೆಂಡಿನ ಮೇಡನ್ ಕಾಸಲ್‌ನಲ್ಲಿ ಚೌಕ ಹಾಕಿಯೇ ಅಗೆಸುತ್ತಿದ್ದರು. ಈಜಿಪ್ಟಿನ ಫರೋಹ ಟೂಟಾಂಖಾಮನ್ ಸಮಾಧಿ 1922ರಲ್ಲಿ ಸಿಕ್ಕಿತ್ತು. ಹೊವಾರ್ಡ್ ಕಾರ್ಟರ್ ಅದನ್ನು ಖಾಲಿ ಮಾಡಲು ಹತ್ತು ವರ್ಷ ತೆಗೆದುಕೊಂಡರು, ವಸ್ತುಗಳಿಗೆ ಸಂಖ್ಯೆ ಹಾಕಿ, ಹ್ಯಾರಿ ಬರ್ಟನ್‌ರಿಂದ ಫೋಟೊ ತೆಗೆಸಿ. ಜೋನ್ಸ್ ಈಜಿಪ್ಟಿನ ಟಾನಿಸ್‌ನ ಆ ಹೂತ ಕೋಣೆಯಿಂದ, ಮೋಶೆಯ ಹತ್ತು ಆಜ್ಞೆಗಳ ಫಲಕ ಇಟ್ಟಿದ್ದರೆನ್ನುವ ಪವಿತ್ರ ಪೆಟ್ಟಿಗೆಯನ್ನು ಒಂದೇ ರಾತ್ರಿಯಲ್ಲಿ ಮೇಲೆತ್ತಿಸುತ್ತಾನೆ. ಚಿನ್ನ ಹೊದಿಸಿದ ಮರದ ಪೆಟ್ಟಿಗೆ ಅದು. ಸಾವಿರಾರು ವರ್ಷ ಮುಚ್ಚಿದ ಕೋಣೆಯಲ್ಲಿದ್ದ ಮರಕ್ಕೆ ಹೊರಗಿನ ಗಾಳಿ ತಟ್ಟನೆ ತಾಗಿದರೆ ಅದು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ, ಚಿನ್ನ ಹಿಗ್ಗದೆ ಕುಗ್ಗದೆ ಸುಲಿದು ಬರುತ್ತದೆ. ಹೊರಗೆ ಬರಲು ಈಜಿಪ್ಟಿನ ದೇವತೆ ಅನುಬಿಸ್ ಪ್ರತಿಮೆಯನ್ನೇ ಬೀಳಿಸಿ ಗೋಡೆ ಒಡೆದದ್ದನ್ನು ಬಿಡಿ. (ನಿಜವಾದ ಟಾನಿಸ್ ಚಿತ್ರದಲ್ಲಿರುವಂತೆ ಮರಳಲ್ಲಿ ಕಳೆದುಹೋದ ಊರೇ ಅಲ್ಲ, ನೈಲ್ ಮುಖಜಭೂಮಿಯಲ್ಲಿದೆ. ಫ್ರಾನ್ಸಿನ ಪಿಯೆರ್ ಮೊಂಟೆ 1929ರಿಂದಲೇ ಅಲ್ಲಿ ಅಗೆಸುತ್ತಿದ್ದರು. ಮುಂದೆ ಅವರಿಗೆ ಫರೋಹನೊಬ್ಬನ ಬೆಳ್ಳಿಯ ಶವಪೆಟ್ಟಿಗೆಯೂ ಸಿಕ್ಕಿತು.)

ಕಳ್ಳತನದ ಪ್ರಶ್ನೆ ಚಿಕ್ಕದು. ಪೆರು 1929ರಲ್ಲೇ ಇಂಥ ಪ್ರಾಚೀನ ವಸ್ತುಗಳು ರಾಷ್ಟ್ರದ ಸ್ವತ್ತು ಎಂದು ಕಾಯಿದೆ ಮಾಡಿತ್ತು. ಹಾಗಾಗಿ 1936ರಲ್ಲಿ ಅವನು ಮಾಡಿದ್ದು ಕಳವು. ‘ಇದು ಮ್ಯೂಸಿಯಂಗೆ ಸೇರಬೇಕಾದದ್ದು’ ಎಂಬ ಘೋಷಣೆ ಕೇಳಲು ಚೆಂದ, ಆದರೆ ಯಾವ ದೇಶದ ಮ್ಯೂಸಿಯಂ? ಮೊದಲ ಚಿತ್ರದಲ್ಲಿ ಅವನು ತಂದ ಸಾಮಾನನ್ನು ಮ್ಯೂಸಿಯಂನವರು ಪ್ರಶ್ನೆ ಕೇಳದೆ ಕೊಳ್ಳುತ್ತಾರೆ. ತಮಾಷೆಯೆಂದರೆ, ಭಾರತವನ್ನು ಅಷ್ಟು ಕೆಟ್ಟದಾಗಿ ತೋರಿಸಿದ 1984ರ ಚಿತ್ರದಲ್ಲೇ ಅವನ ಅತಿ ಒಳ್ಳೆಯ ಕೆಲಸ ಇದೆ: ಕಳವಾದ ಪವಿತ್ರ ಕಲ್ಲೊಂದನ್ನು ಅದನ್ನು ಪೂಜಿಸುತ್ತಿದ್ದ ಹಳ್ಳಿಗೇ ತಂದು ಕೊಡುತ್ತಾನೆ, ಮ್ಯೂಸಿಯಂನಲ್ಲಿಟ್ಟಿದ್ದರೆ ಧೂಳು ಹಿಡಿಯುತ್ತಿತ್ತು ಎನ್ನುತ್ತಾನೆ. ಆ ಕಥೆ ನಡೆಯುವುದು 1935ರಲ್ಲಿ. ಕಲಿತ ಪಾಠ ಮರುವರ್ಷ ಪೆರುವಿಗೆ ಹೋಗುವಷ್ಟರಲ್ಲಿ ಮರೆತಿತ್ತು.

ಅವನ ಎರಡೂ ಮುಖ ಒಟ್ಟಿಗೆ ಕಾಣುವುದು 1989ರ ಚಿತ್ರದ ವೆನಿಸ್‌ನಲ್ಲಿ. ಗ್ರಂಥಾಲಯದ ನೆಲ ಒಡೆದು ಕೆಳಗಿಳಿಯುತ್ತಾನೆ. ಪಂಜು ಬೇಕೆಂದು ಅಲ್ಲಿದ್ದ ಅಸ್ಥಿಪಂಜರದ ಮೂಳೆಯೊಂದನ್ನು ಕಿತ್ತು ಬಟ್ಟೆ ಸುತ್ತುತ್ತಾನೆ. ಅದೇ ಮನುಷ್ಯ, ಯೋಧನ ಶವಪೆಟ್ಟಿಗೆ ತೆರೆದ ಮೇಲೆ, ಗುರಾಣಿಗೆ ಕೈ ಹಚ್ಚಿ ಕೀಳದೆ, ಅದರ ಮೇಲೆ ಕಾಗದ ಹರಡಿ ಉಜ್ಜಿ ಬರಹದ ಪಡಿಯಚ್ಚು ತೆಗೆಯುತ್ತಾನೆ. ಅಷ್ಟರಲ್ಲಿ ಸುರಂಗಕ್ಕೆ ಬೆಂಕಿ ಬೀಳುತ್ತದೆ. ಅವನು ಹುಡುಕುತ್ತಿದ್ದ ಯೇಸುವಿನ ಬಟ್ಟಲಿನ ದಾರಿ ಹೇಳುವ ಮುರಿದ ಶಾಸನದಲ್ಲಿ ಇಲ್ಲದ ಊರಿನ ಹೆಸರು, ಅಲೆಕ್ಸಾಂಡ್ರೆಟ್ಟಾ, ಆಮೇಲೆ ಸಿಗುವುದು ಆ ಒಂದು ಹಾಳೆಯಲ್ಲಿ.